ಎರಡು ನಿಮಿಷ ನಲವತ್ತೊಂದನೇ ಸೆಕೆಂಡಿನ ಸಿಳ್ಳೆ

ದೂರುಗಳಿಗೆ ಉತ್ತರ ಬರೆಯುವ ಕುರ್ಚಿಯಲ್ಲಿ ಕೂತ ಮೊದಲ ದಿನವೇ ನಾನು ಮನೆಗೆ ಬಂದು ಊಟದ ಮೇಜಿನ ಮುಂದೆ ಒಂದು ಪ್ರತಿಜ್ಞೆ ಮಾಡಿದೆ.

"ಇನ್ನು ಮೂರೇ ತಿಂಗಳು. ನಮ್ಮ ಕಂಪನಿಗೆ ಒಂದು ದೂರೂ ಬರಬಾರದು. ಬಂದ್ರೂ, ನನ್ನ ಉತ್ತರ ಓದಿದ ಮೇಲೆ ಬೈದವರೇ ಥ್ಯಾಂಕ್ಸ್ ಅಂತ ಬರೀಬೇಕು. ನೋಡ್ತಾ ಇರಿ."

ನೋಡುತ್ತಾ ಇರಲು ಅಲ್ಲಿದ್ದವರು ಇಬ್ಬರು. ಒಬ್ಬರು ನನ್ನ ಗಂಡ. ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣ ಮುಂದೆ ಗಾಜು ಬದಲಿಸುತ್ತಾ "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಎಂದು ಕೇಳುವುದು ಅವರ ಕಸುಬು. ಆ ಹೊತ್ತಿನಲ್ಲಿ ಯಾರದೋ ಕನ್ನಡಕದ ಕಡ್ಡಿಗೆ ಇರುವೆ ಗಾತ್ರದ ಸ್ಕ್ರೂ ಕೂರಿಸುತ್ತಿದ್ದವರು ತಲೆ ಎತ್ತದೆ "ಆಗಲಿ" ಎಂದರು. ಇನ್ನೊಬ್ಬರು ನನ್ನ ಅತ್ತೆ. ಎಪ್ಪತ್ತಾರು ವರ್ಷವಾದರೂ ಕಣ್ಣು, ಕಿವಿ, ನಾಲಿಗೆ ಮೂರೂ ಹರಿತವಾಗಿವೆ. ಮೂರನೆಯದು ಸ್ವಲ್ಪ ಹೆಚ್ಚೇ.

"ಅದೇನು ಕೆಲಸ ಅಂದೆ?" ಎಂದರು ಅತ್ತೆ.

"ಹಳೇ ರಾಕ್ ಹಾಡುಗಳನ್ನ ರೀಮಾಸ್ಟರ್ ಮಾಡಿ ಮಾರ್ತಾರೆ ಅತ್ತೆ. ಅದರ ಮೇಲೆ ದೂರು ಬಂದ್ರೆ ನಾನು ಉತ್ತರ ಬರೆಯೋದು."

"ಯಾಕೆ, ಮೊದಲಿದ್ದ ಮಾಸ್ಟರು ಸರಿಯಾಗಿ ಹೇಳಿಕೊಟ್ಟಿರಲಿಲ್ವಾ?"

ಮೇಷ್ಟ್ರಿಗೂ ಇದಕ್ಕೂ ಸಂಬಂಧವಿಲ್ಲ. ನಲವತ್ತು ಐವತ್ತು ವರ್ಷಗಳ ಹಿಂದೆ ಹಾಡಿದ್ದನ್ನು ತುಂಬಿಸಿಟ್ಟ ಮೂಲ ಟೇಪನ್ನು ಹೊರತೆಗೆದು, ಅದರ ಗೊರಗೊರ ಸರಸರಗಳನ್ನೆಲ್ಲ ತೆಗೆದುಹಾಕಿ, ಒಳಗೆ ಹೂತುಹೋಗಿದ್ದ ವಾದ್ಯಗಳು ಕಿವಿಗೆ ಬೀಳುವ ಹಾಗೆ ಮಾಡಿ, ಹೊಸ ರೆಕಾರ್ಡು ಅಚ್ಚು ಹಾಕಿಸುವುದೇ ರೀಮಾಸ್ಟರ್. ಮಸಿ ಹಿಡಿದ ಪಾತ್ರೆಯನ್ನು ತಿಕ್ಕಿ ಬೆಳಗಿದ ಹಾಗೆ. ಬೆಳಗಿದ ಪಾತ್ರೆಯನ್ನು ನೋಡಿ "ನನ್ನ ಮಸಿ ಎಲ್ಲಿ?" ಎಂದು ಜಗಳಕ್ಕೆ ಬರುವವರು ಲೋಕದಲ್ಲಿದ್ದಾರೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮ ಆಫೀಸು ಒಂದು ಲಾಂಡ್ರಿಯ ಮೇಲಿನ ಮಹಡಿಯಲ್ಲಿದೆ. ಮಧ್ಯಾಹ್ನವಾದರೆ ಇಸ್ತ್ರಿಯ ಹಬೆ ಮೆಟ್ಟಿಲ ಮೇಲೆ ಹತ್ತಿ ಬರುತ್ತದೆ. ಒಳಗೆ ಇರುವುದು ಮೂವರೇ. ಮ್ಯಾನೇಜರ್, ನಾನು, ಮತ್ತು ಹಾಡುಗಳನ್ನು ಶುದ್ಧ ಮಾಡುವ ಧ್ವನಿ ತಂತ್ರಜ್ಞ. ಈತ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದಕ್ಕೇ ಎಲ್ಲರೂ ಅವನನ್ನು ಮೌನಿ ಎನ್ನುತ್ತೇವೆ. ಇಪ್ಪತ್ತೈದು ವರ್ಷ ಎಲ್ಲೂ ಸಿಗದಿದ್ದ 'ತುಕ್ಕು ಏಣಿ' ಎಂಬ ಆಲ್ಬಮ್ಮನ್ನು ಮೌನಿ ಎಂಟು ತಿಂಗಳು ಕೂತು ಬೆಳಗಿದ್ದ. ಅದು ಮಾರುಕಟ್ಟೆಗೆ ಹೋದ ವಾರದಿಂದಲೇ ನನ್ನ ಈಮೇಲಿನ ಪೆಟ್ಟಿಗೆಯಲ್ಲಿ ಜೇನುಹುಳುಗಳು ಎದ್ದವು.

ಒಬ್ಬರು ಬರೆದರು: "ಮೊದಲು ಡ್ರಮ್ಮು ಎಡಗಡೆ ಇತ್ತು, ಈಗ ಬಲಗಡೆ ಇದೆ. ಯಾರನ್ನು ಕೇಳಿ ಬದಲಾಯಿಸಿದಿರಿ?" ಇತ್ತೀಚೆಗೆ ಮನೆಯಲ್ಲಿ ಏನಾದರೂ ಬದಲಾವಣೆಯಾಗಿದೆಯೇ ಎಂದು ನಯವಾಗಿ ವಿಚಾರಿಸಿದೆ. ಸುಣ್ಣ ಬಣ್ಣ ಹೊಡೆಸಿದ್ದರಂತೆ. ಸ್ಪೀಕರುಗಳನ್ನು ಮತ್ತೆ ಇಡುವಾಗ ಅದಲುಬದಲಾಗಿತ್ತಂತೆ. ಆದರೂ ಬಣ್ಣ ಹೊಡೆಯುವವರ ಬಗ್ಗೆ ಕವರಿನ ಮೇಲೆ ಒಂದು ಎಚ್ಚರಿಕೆ ಅಚ್ಚು ಹಾಕಬೇಕಿತ್ತು ಎಂದು ನಮ್ಮನ್ನೇ ಬೈದರು.

ಇನ್ನೊಬ್ಬರು, "ಮೊದಲು ಹಾಡುಗಾರ ಏನು ಹೇಳುತ್ತಿದ್ದಾನೆ ಎಂಬುದು ತಿಳಿಯುತ್ತಿರಲಿಲ್ಲ. ಬಹಳ ಗಹನವಾಗಿದೆ ಎಂದುಕೊಂಡಿದ್ದೆ. ಈಗ ಪ್ರತಿಯೊಂದು ಪದವೂ ಕೇಳಿಸುತ್ತದೆ. ಅವನು ತನ್ನ ಶೂ ಬಗ್ಗೆ ಹಾಡುತ್ತಿದ್ದಾನೆ. ನನ್ನ ಯೌವನವನ್ನು ಹಾಳು ಮಾಡಿದ್ದೀರಿ" ಎಂದರು.

ಮತ್ತೊಬ್ಬ ಮಹಾರಾಯರಿಗೆ, ಮೊದಲು ಈ ಹಾಡು ಕೇಳಿದರೆ ಅಳು ಬರುತ್ತಿತ್ತು, ಈಗ ಬರುತ್ತಿಲ್ಲ, ಆ ಅಳುವನ್ನು ಯಾವ ಬಟನ್ ಒತ್ತಿ ತೆಗೆದಿರಿ ಎಂದು ತಿಳಿಯಬೇಕಿತ್ತು. ಆ ದಿನ ನನಗೇ ಅಳು ಬಂತು.

ಆದರೆ ನಾನು ಸೋಲುವವಳಲ್ಲ. ಒಬ್ಬೊಬ್ಬರಿಗೂ ಎರಡೆರಡು ಪುಟ ಬರೆದೆ. "ಮಾನ್ಯರೇ, ತಮ್ಮ ನೋವು ನಮಗೆ ಅರ್ಥವಾಗುತ್ತದೆ" ಎಂದು ಶುರು ಮಾಡಿ, "ತಮ್ಮ ಪ್ರತಿಯೊಂದು ಮಾತನ್ನೂ ಗಮನವಿಟ್ಟು ಓದಿದ್ದೇವೆ" ಎಂದು ಮುಗಿಸಿ, ಕೆಳಗೆ "ಗ್ರಾಹಕ ಸೇವೆ" ಎಂದು ಸಹಿ ಹಾಕುತ್ತಿದ್ದೆ. ಜನ ತಣ್ಣಗಾಗತೊಡಗಿದರು. ಶೂ ಮಹಾಶಯರು ನಿಜಕ್ಕೂ ಥ್ಯಾಂಕ್ಸ್ ಹೇಳಿದರು. ನಾನು ಆಫೀಸಿನಲ್ಲಿ ಎರಡಿಂಚು ಎತ್ತರವಾಗಿ ಓಡಾಡುತ್ತಿದ್ದೆ.

ಅಷ್ಟರಲ್ಲಿ 'ಹಳೇ ಕಿವಿ' ಬಂದ.

ಅದು ಈಮೇಲಿನಲ್ಲಿ ಅವನು ಇಟ್ಟುಕೊಂಡ ಹೆಸರು. ಬೈಗುಳವಿಲ್ಲ, ಬೊಬ್ಬೆಯಿಲ್ಲ. "ಎರಡನೇ ಬದಿಯ ಮೂರನೇ ಹಾಡಿನಲ್ಲಿ ಎರಡು ನಿಮಿಷ ನಲವತ್ತೊಂದನೇ ಸೆಕೆಂಡಿಗೆ ದೂರದಿಂದ ಒಂದು ಸಿಳ್ಳೆ ಏಳುತ್ತದೆ. ಹನ್ನೊಂದು ಸೆಕೆಂಡು ಏರುತ್ತಾ ಹೋಗಿ ಥಟ್ಟನೆ ನಿಲ್ಲುತ್ತದೆ. ನಿಮ್ಮ ಹೊಸ ರೆಕಾರ್ಡಿನಲ್ಲಿ ಅದು ಇಲ್ಲ. ದಯವಿಟ್ಟು ಎಲ್ಲಿ ಹೋಯಿತು ಎಂದು ತಿಳಿಸಿ" ಎಂದಿದ್ದ.

ನಾನು ಮೌನಿಯ ಕೋಣೆಗೆ ಹೋದೆ. ಅವನು ಮೂಲ ಟೇಪನ್ನು ಹಾಕಿ ಆ ಜಾಗವನ್ನು ನಾಲ್ಕು ಸಲ ಕೇಳಿದ. ಹೆಡ್‌ಫೋನ್ ತೆಗೆದು "ಇಲ್ಲ" ಎಂದ.

"ಇಲ್ಲ ಅಂದ್ರೆ, ನೀವು ಒರೆಸಿ ಹಾಕಿಬಿಟ್ರಾ?"

"ಇರಲೇ ಇಲ್ಲ."

ಅಂದಿನ ಅವನ ಮಾತು ಅಲ್ಲಿಗೆ ಖರ್ಚಾಗಿತ್ತು. ನಾನು ಹಳೇ ಕಿವಿಗೆ ಎರಡು ಪುಟ ಬರೆದೆ. ಅವನು ನಾಲ್ಕು ಪುಟ ಬರೆದ. ಅಷ್ಟೇ ಆಗಿದ್ದರೆ ಹುಚ್ಚ ಎಂದು ಸುಮ್ಮನಾಗಬಹುದಿತ್ತು. ಆದರೆ ಮರುವಾರ ಬೇರೆ ಬೇರೆ ಊರುಗಳಿಂದ ಇನ್ನೂ ಐದು ಜನ ಬರೆದರು. ಒಬ್ಬ ದಂತವೈದ್ಯ, ಒಬ್ಬ ಬ್ಯಾಂಕಿನವನು, ಒಬ್ಬ ಗಣಿತದ ಪ್ರೊಫೆಸರ್, ಇನ್ನಿಬ್ಬರು ಏನೆಂದು ಹೇಳಲಿಲ್ಲ. ಐವರಿಗೂ ಅದೇ ಹಾಡು, ಅದೇ ಸೆಕೆಂಡು, ಅದೇ ಸಿಳ್ಳೆ. ಸಿಳ್ಳೆ ನಿಂತ ಮೇಲೆ ಯಾರೋ ಒಬ್ಬಳು ಹೆಂಗಸು ಏನೋ ಒಂದು ಮಾತು ಹೇಳುತ್ತಾಳೆ, ಅದು ಯಾವುದೋ ಪ್ರಾಚೀನ ಭಾಷೆಯ ವಿದಾಯದ ನುಡಿ ಎಂದು ಪ್ರೊಫೆಸರ್ ಸೇರಿಸಿದ್ದರು.

ಮ್ಯಾನೇಜರ್ ಪ್ರಿಂಟುಗಳನ್ನು ಮೇಜಿನ ಮೇಲೆ ಹರವಿಕೊಂಡು ನೋಡಿದರು. "ಒಬ್ಬನಿಗೆ ಭ್ರಮೆ ಆಗಬಹುದು. ಆರು ಜನಕ್ಕೆ ಒಂದೇ ಸೆಕೆಂಡಿಗೆ ಭ್ರಮೆ ಆಗುತ್ತಾ?"

"ಆಗಲ್ಲ ಸಾರ್," ಎಂದೆ ನಾನು. ಈ ಮೂರು ಅಕ್ಷರಕ್ಕೆ ನಾನು ಆಮೇಲೆ ತೆತ್ತದ್ದು ಸ್ವಲ್ಪವಲ್ಲ. "ಮೊದಲು ಬಂದ ರೆಕಾರ್ಡಲ್ಲಿ ಸಿಳ್ಳೆ ಇದ್ದಿರಬೇಕು. ನಮಗೆ ಸಿಕ್ಕಿರೋ ಟೇಪೇ ಬೇರೆ ಇರಬೇಕು. ಗ್ರಾಹಕರು ಸುಮ್ ಸುಮ್ನೆ ಹೇಳಲ್ಲ ಸಾರ್."

ಮೌನಿ ಬಾಗಿಲಲ್ಲಿ ನಿಂತಿದ್ದ. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿ ಒಳಗೆ ಹೋದ.

ಆ ದಿನಗಳಲ್ಲಿ ನಾನು ಮನೆಗೆ ಬಂದರೂ ಹಳೇ ಕಿವಿ ನನ್ನ ತಲೆಯಿಂದ ಇಳಿಯುತ್ತಿರಲಿಲ್ಲ. ತರಕಾರಿ ಹೆಚ್ಚುತ್ತಾ ಗಂಡನ ಹತ್ತಿರ ಗೋಳು ತೋಡಿಕೊಳ್ಳುತ್ತಿದ್ದೆ.

"ಇವತ್ತು ಮತ್ತೆ ಬರೆದಿದ್ದಾನೆ ರೀ. ಮೂರು ಪುಟ. ಸಿಳ್ಳೆ ಬಗ್ಗೆ ಮೂರು ಪುಟ ಬರೆಯೋನು ಎಂಥ ಮನುಷ್ಯ ಇರಬಹುದು?"

"ಮೂರು ಪುಟ ಜಾಸ್ತಿ ಆಯ್ತಾ?" ಎಂದರು ಅವರು.

"ಪಾಪ, ಅವನನ್ನ ಕಟ್ಟಿಕೊಂಡೋಳ ಗತಿ ನೆನೆಸಿಕೊಂಡ್ರೆ ಅಯ್ಯೋ ಅನ್ಸುತ್ತೆ."

"ಹೌದು. ಅವಳಿಗೂ ಕೆಲಸ ಜಾಸ್ತಿ ಇರಬಹುದು."

"ಮನೇಲಿ ಯಾರೂ ಅವನ ಮಾತು ಕೇಳಲ್ಲ ಅಂತ ಕಾಣುತ್ತೆ. ಅದಕ್ಕೇ ನಮ್ಮ ಪ್ರಾಣ ತಿಂತಾನೆ."

"ಇರಬಹುದು," ಎಂದು ಅವರು ಕನ್ನಡಕ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಆಫೀಸಿನಲ್ಲಿ ತೀರ್ಮಾನವಾಯಿತು. ಮುಂದಿನ ಸಾವಿರ ಪ್ರತಿಗಳಲ್ಲಿ ಸಿಳ್ಳೆಯನ್ನು ಮರಳಿ ಸೇರಿಸುವುದು. ಎಲ್ಲಿಂದ ತರುವುದು? ಮೌನಿ ತಾನು ಮುಟ್ಟುವುದಿಲ್ಲ ಎಂದ. ಕೊನೆಗೆ ಪಕ್ಕದ ರಸ್ತೆಯ ಶಾಲೆಯಿಂದ ಬ್ಯಾಂಡ್ ಮೇಷ್ಟ್ರನ್ನು ಕರೆಸಿದೆವು. ಅವರು ಗೇಣುದ್ದದ ಕೊಳಲೊಂದನ್ನು ಹಿಡಿದು ಬಂದರು. ಏನು ನುಡಿಸಬೇಕು ಎಂದು ಕೇಳಿದರು. ನಾನು ಹಳೇ ಕಿವಿಗೆ ಬರೆದು ತರಿಸಿಕೊಂಡಿದ್ದ ವರ್ಣನೆಯನ್ನು ಓದಿ ಹೇಳಿದೆ.

"ಆ ಸಿಳ್ಳೆ ಮೊದಲು ಅನುಮಾನದಿಂದ ಶುರುವಾಗುತ್ತದೆ. ನಾಲ್ಕನೇ ಸೆಕೆಂಡಿಗೆ ಅದಕ್ಕೆ ಧೈರ್ಯ ಬರುತ್ತದೆ. ಏಳನೇ ಸೆಕೆಂಡಿಗೆ ಕೋಪ. ಕೊನೆಗೆ, ಎಷ್ಟು ಕೂಗಿದರೂ ತನ್ನ ಹತ್ತಿರ ಯಾರೂ ಬರುವುದಿಲ್ಲ ಎಂಬ ಹತಾಶೆ."

ಮೇಷ್ಟ್ರು ಕೊಳಲನ್ನು ತೊಡೆಯ ಮೇಲಿಟ್ಟುಕೊಂಡರು. "ಹನ್ನೊಂದು ಸೆಕೆಂಡಲ್ಲಿ ಇಷ್ಟೂ ಆಗ್ಬೇಕಾ?"

"ಆಗ್ಬೇಕು."

ಮೂವತ್ನಾಲ್ಕು ಸಲ ನುಡಿಸಿದರು. ಕೋಪ ಬಂದರೆ ಹತಾಶೆ ಬರುತ್ತಿರಲಿಲ್ಲ, ಹತಾಶೆ ಬರುವ ಹೊತ್ತಿಗೆ ಉಸಿರು ಇರುತ್ತಿರಲಿಲ್ಲ. ಮೂವತ್ತೈದನೆಯ ಸಲಕ್ಕೆ ಅವರಿಗೆ ನಿಜವಾದ ಕೋಪವೂ ನಿಜವಾದ ಹತಾಶೆಯೂ ಒಟ್ಟಿಗೆ ಬಂದವು. ಅದನ್ನೇ ಇಟ್ಟುಕೊಂಡೆವು. ಮೌನಿಯ ರಜೆಯ ದಿನ ನೋಡಿ, ಹೊರಗಿನವರೊಬ್ಬರಿಂದ ಹಾಡಿಗೆ ಸೇರಿಸಿದೆವು. ಕವರಿನ ಮೇಲೆ ಅಂಟಿಸಲು ಕೆಂಪು ಚೀಟಿ ಬರೆದವಳೂ ನಾನೇ: "ಕಳೆದುಹೋಗಿದ್ದ ಸಿಳ್ಳೆಯೊಂದಿಗೆ."

ಇರುವೆ ಗೂಡಿಗೆ ಕೈ ಹಾಕಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಾನು ಮೊಣಕೈವರೆಗೆ ಹಾಕಿದ್ದೆ. ಮೊದಲ ಹತ್ತು ದಿನದಲ್ಲಿ ನಾನೂರ ಹನ್ನೆರಡು ದೂರು. ಒಬ್ಬರ ನಾಯಿ ಎರಡು ನಿಮಿಷ ನಲವತ್ತೊಂದನೇ ಸೆಕೆಂಡಿಗೆ ಮಂಚದ ಕೆಳಗೆ ಓಡಿದ್ದು ಹೊರಗೆ ಬಂದಿರಲಿಲ್ಲ. ಒಬ್ಬರು ಹಾಡಿನ ಮಧ್ಯೆ ಬಾಗಿಲ ಬೆಲ್ಲು ಎಂದುಕೊಂಡು ಮೂರು ಸಲ ಎದ್ದು ಹೋಗಿದ್ದರು. ಇನ್ನೂ ವಿಚಿತ್ರವೆಂದರೆ, ಮೂವತ್ತು ಜನ ಹೊಗಳಿ ಬರೆದಿದ್ದರು. "ಬಾಲ್ಯದಲ್ಲಿ ಕೇಳಿದ್ದ ಅದೇ ಸಿಳ್ಳೆ! ಕಣ್ಣು ತುಂಬಿ ಬಂತು." ಬ್ಯಾಂಡ್ ಮೇಷ್ಟ್ರು ಹಿಂದಿನ ತಿಂಗಳು ಊದಿದ್ದನ್ನು ಇವರು ಬಾಲ್ಯದಲ್ಲಿ ಹೇಗೆ ಕೇಳಿದರೋ ದೇವರೇ ಬಲ್ಲ.

'ತುಕ್ಕು ಏಣಿ' ಹಾಡಿದ್ದ ತಂಡದಲ್ಲಿ ಈಗ ಉಳಿದಿರುವವರು ಒಬ್ಬರೇ, ಎಪ್ಪತ್ತೆಂಟು ವರ್ಷದ ಡ್ರಮ್ಮರ್. ಅವರಿಂದಲೂ ಒಂದು ಸಾಲು ಬಂತು. "ರೆಕಾರ್ಡಿಂಗ್ ದಿನ ನಾನು ಅಲ್ಲೇ ಇದ್ದೆ. ಸಿಳ್ಳೆ ಇರಲಿಲ್ಲ."

ಇದಕ್ಕೆ ನಾನು ಕೊಟ್ಟ ಉತ್ತರವನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. "ಮಾನ್ಯರೇ, ವರ್ಷಗಳು ಕಳೆದಂತೆ ನೆನಪು ಮಸುಕಾಗುವುದು ಸಹಜ. ನಮ್ಮ ಗ್ರಾಹಕರು ಸಿಳ್ಳೆಯನ್ನು ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದಾರೆ" ಎಂದು ಬರೆದೆ. ಡ್ರಮ್ಮು ಬಾರಿಸಿದವರಿಗೆ.

ಇಷ್ಟೆಲ್ಲ ಯಾರಿಗಾಗಿ ಮಾಡಿದೆನೋ ಆ ಹಳೇ ಕಿವಿಯಾದರೂ ಸಂತೋಷಪಟ್ಟನೇ? ಅವನು ಬರೆದ: "ಕ್ಷಮಿಸಿ. ನೀವು ಹಾಕಿರುವುದು ಸಿಳ್ಳೆಯಲ್ಲ, ಸಿಳ್ಳೆಯ ಹೆಣ. ನಿಜವಾದದ್ದರ ಕೊನೆಯಲ್ಲಿ 'ಠಕ್' ಎಂಬ ಸದ್ದಿದೆ. ಅದನ್ನು ಬಿಟ್ಟಿದ್ದೀರಿ."

ಮ್ಯಾನೇಜರ್ ನನ್ನನ್ನು ಕರೆದರು. ಅವರು ಯಾವತ್ತೂ ದನಿ ಎತ್ತುವವರಲ್ಲ. ಅಂದು ಇನ್ನೂ ತಗ್ಗಿಸಿದ್ದರು. "ಆ ಮನುಷ್ಯನನ್ನ ಅವನ ಹಳೇ ರೆಕಾರ್ಡ್ ಸಮೇತ ಶನಿವಾರ ಇಲ್ಲಿಗೆ ಕರೆಸಿ. ಸಿಳ್ಳೆ ಇದ್ರೆ ಸರಿ. ಇಲ್ಲದಿದ್ರೆ ಸಾವಿರ ಪ್ರತೀನೂ ವಾಪಸ್ ತರಿಸ್ಬೇಕು. ನಿಮ್ಮ ಕುರ್ಚಿ ಬಗ್ಗೆನೂ ಆಮೇಲೆ ಯೋಚನೆ ಮಾಡೋಣ."

ನಾನು ಹಳೇ ಕಿವಿಗೆ ಬರೆದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದೇ ಸಾಲು: "ಶನಿವಾರ ಹನ್ನೊಂದಕ್ಕೆ ಬರುತ್ತೇನೆ. ನನ್ನ ಹತ್ತಿರ ಇರುವುದು ಕ್ಯಾಸೆಟ್ಟು."

ಶನಿವಾರ ನನಗೆ ರಜೆ. ಆ ದಿನ ಆಫೀಸಿಗೆ ಹೋಗುವುದನ್ನು ಮನೆಯಲ್ಲಿ ಹೇಳಿರಲಿಲ್ಲ. ಕುರ್ಚಿ ಅಲ್ಲಾಡುತ್ತಿದೆ ಎಂದು ಹೇಳಿಕೊಳ್ಳಲು ನಾಚಿಕೆ. ಗಂಡ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಗಾಜಿನ ಸ್ಟಾಕು ನೋಡಬೇಕು ಎಂದು ಹೊರಟರು. ನಾನು ಅತ್ತೆಗೆ ಮಾರ್ಕೆಟ್ಟು ಎಂದು ಹೇಳಿ ಹೊರಟೆ.

ಹನ್ನೊಂದಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು, ಮುಖದ ಮೇಲೆ ಗ್ರಾಹಕ ಸೇವೆಯ ನಗು ತಂದುಕೊಂಡು ಬಾಗಿಲು ತೆರೆದೆ.

ನನ್ನ ಗಂಡ ನಿಂತಿದ್ದರು. ಕೈಯಲ್ಲಿ ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು.

"ನೀವಾ?" ಎಂದೆ.

"ಶನಿವಾರ ನಿನಗೆ ರಜಾ ಅಲ್ವಾ?" ಎಂದರು ಅವರು. ಆರು ತಿಂಗಳು ನನ್ನ ಪ್ರಾಣ ಹಿಂಡಿದ ಮನುಷ್ಯನಿಗೆ ಆ ಹೊತ್ತಿನಲ್ಲಿ ಹೊಳೆದದ್ದು ಅಷ್ಟೇ.

"ಹಳೇ ಕಿವಿ ನೀವೇನಾ? ದಿನಾ ರಾತ್ರಿ ಒಂದೇ ಮೇಜಲ್ಲಿ ಊಟ ಮಾಡ್ತೀವಲ್ಲ ರೀ. ನನ್ನ ಹತ್ರ ಒಂದು ಮಾತು ಹೇಳೋಕಾಗಲಿಲ್ವಾ?"

"ಹೇಳಿದ್ದೆ. ನೀನು ಆ ಹೊಸ ರೆಕಾರ್ಡ್ ಮನೆಗೆ ತಂದುಕೊಟ್ಟ ದಿನಾನೇ ಹೇಳಿದ್ದೆ. ಸಿಳ್ಳೆ ಇಲ್ಲ ಕಣೆ ಅಂದೆ. ನೀನು ಬಟ್ಟೆ ಮಡಚ್ತಾ ಇದ್ದೆ. ಹೂಂ ಅಂದೆ. ಮಾರನೇ ದಿನ ಮತ್ತೆ ಹೇಳಿದೆ. ನೀನು ಹಾಲು ತಂದ್ರಾ ಅಂತ ಕೇಳಿದೆ."

ನನಗೆ ನೆನಪೇ ಇರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಜಾಗ ಅದಾಗಿರಲಿಲ್ಲ. "ಅದಕ್ಕೆ ಸುಳ್ಳು ಹೆಸರಲ್ಲಿ ಬರೆಯೋದಾ?"

"ಸುಮ್ನೆ ಒಂದು ಬರೆದು ನೋಡಿದೆ. ಎರಡು ಪುಟ ಉತ್ತರ ಬಂತು." ಅವರು ಕ್ಯಾಸೆಟ್ಟಿನ ಬಟ್ಟೆಯನ್ನು ಬಿಚ್ಚುತ್ತಾ ಹೇಳಿದರು. "ತಮ್ಮ ನೋವು ನಮಗೆ ಅರ್ಥವಾಗುತ್ತದೆ ಅಂತ ನೀನು ಬರೆದಿದ್ದೆ. ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಹಾಗಂತ ಮನೇಲಿ ಒಂದು ಸಲಾನಾದ್ರೂ ಅಂದಿದ್ದೀಯಾ? ಓದೋಕೆ ಚೆನ್ನಾಗಿತ್ತು. ಇನ್ನೊಂದು ಬರೆದೆ."

ಮ್ಯಾನೇಜರ್ ಕಿಟಕಿಯ ಕಡೆ ತಿರುಗಿ ಲಾಂಡ್ರಿಯ ಬೋರ್ಡನ್ನು ಓದುತ್ತಾ ನಿಂತಿದ್ದರು. ಮೌನಿಯೊಬ್ಬನೇ ಕೈ ಚಾಚಿ ಕ್ಯಾಸೆಟ್ಟು ಇಸಿದುಕೊಂಡ.

"ಮತ್ತೆ ಆ ಐದು ಜನ?" ಎಂದು ಮ್ಯಾನೇಜರ್ ಕಿಟಕಿಯ ಕಡೆಯಿಂದಲೇ ಕೇಳಿದರು.

"ನನ್ನ ಹಾಸ್ಟೆಲ್ ಸ್ನೇಹಿತರು ಸಾರ್. ಕಾಲೇಜಲ್ಲಿ ಎಲ್ಲರೂ ಇದರಿಂದಾನೇ ಕಾಪಿ ಮಾಡಿಕೊಂಡಿದ್ದು."

ಆರು ಸಾಕ್ಷಿಗಳು ಆ ಕ್ಷಣಕ್ಕೆ ಒಂದಾದರು. ಮ್ಯಾನೇಜರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಮೌನಿ ಕ್ಯಾಸೆಟ್ಟು ಹಾಕಿದ. ಗೊರಗೊರ ಮಳೆಯ ನಡುವೆ ಹಾಡು ಬಂತು. ಎರಡು ನಿಮಿಷ ನಲವತ್ತೊಂದು. ದೂರದಿಂದ ಸಣ್ಣಗೆ, ಅನುಮಾನದಿಂದ, ಸಿಳ್ಳೆ ಎದ್ದಿತು. ಏರಿತು. ಕೋಪಿಸಿಕೊಂಡಿತು. 'ಠಕ್' ಎಂದು ನಿಂತಿತು. ಹಿಂದೆಯೇ ಹೆಂಗಸಿನ ದನಿಯಲ್ಲಿ ಅರ್ಥವಾಗದ ಒಂದು ನುಡಿ. ನನ್ನ ಗಂಡನ ಮುಖ ಬೆಳಗಿತು. "ಕೇಳಿಸ್ತಾ? ಈಗ ಕೇಳಿಸ್ತಾ?" ಎಂದು ಮೂವರನ್ನೂ ನೋಡಿದರು. ನಿಜ ಹೇಳುತ್ತೇನೆ, ನನಗೂ ಮೈ ಜುಮ್ಮೆಂದಿತು. ಕುರ್ಚಿ ಉಳಿಯಿತು ಎಂದುಕೊಂಡೆ.

"ಇದನ್ನ ಎಲ್ಲಿ ರೆಕಾರ್ಡ್ ಮಾಡಿದ್ರಿ?" ಎಂದು ಮೌನಿ ಕೇಳಿದ.

"ಮನೇಲಿ. ಚಿಕ್ಕಪ್ಪನ ಹತ್ರ ಮೂಲ ರೆಕಾರ್ಡ್ ಇತ್ತು, ಒಂದೇ ದಿನಕ್ಕೆ ಅಂತ ಕೊಟ್ಟಿದ್ರು. ಪ್ಲೇಯರ್ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಮಾಡಿಕೊಂಡೆ. ಸದ್ದಾಗಬಾರದು ಅಂತ ನಾನು ಹೊರಗೆ ಗೇಟ್ ಹತ್ರ ಕಾವಲು ನಿಂತಿದ್ದೆ."

"ಪ್ಲೇಯರ್ ಎಲ್ಲಿತ್ತು?"

"ಅಡುಗೆಮನೆ ಪಕ್ಕ. ಪ್ಲಗ್ ಇದ್ದಿದ್ದು ಅಲ್ಲೇ."

ಮೌನಿ ಕ್ಯಾಸೆಟ್ಟಿನ ಆ ಇಪ್ಪತ್ತು ಸೆಕೆಂಡನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಗೊರಗೊರವನ್ನು ತೆಗೆದ. ಡ್ರಮ್ಮನ್ನು ತಗ್ಗಿಸಿದ. ಗಿಟಾರನ್ನು ಹಿಂದೆ ತಳ್ಳಿದ. ಎಂಟು ತಿಂಗಳು ಆಲ್ಬಮ್ಮಿಗೆ ಮಾಡಿದ ಸೇವೆಯನ್ನೇ ಎಂಟು ನಿಮಿಷದಲ್ಲಿ ನನ್ನ ಗಂಡನ ಕ್ಯಾಸೆಟ್ಟಿಗೆ ಮಾಡಿದ. ಆಮೇಲೆ ಸ್ಪೀಕರಿಗೆ ಹಾಕಿ ಗುಂಡಿ ಒತ್ತಿದ.

ಈಗ ಸಿಳ್ಳೆ ಸ್ಫಟಿಕದ ಹಾಗೆ ಕೇಳಿಸಿತು. ಅದು ನೀರು ಕುದಿಯುವಾಗ ಕೆಟಲ್ ಹೊಡೆಯುವ ಸಿಳ್ಳೆ ಎಂದು ತಿಳಿಯದ ಕಿವಿ ಆ ಕೋಣೆಯಲ್ಲಿ ಒಂದೂ ಇರಲಿಲ್ಲ. 'ಠಕ್' ಎಂದದ್ದು ಒಲೆಯ ಗುಂಡಿ ತಿರುವಿದ ಸದ್ದು. ಆಮೇಲೆ ಪ್ರಾಚೀನ ಭಾಷೆಯ ಆ ವಿದಾಯದ ನುಡಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ:

"ಈ ಮನೇಲಿ ಎಲ್ಲಾ ನಾನೇ ಮಾಡ್ಬೇಕು."

ಮೌನಿ ನಿಧಾನವಾಗಿ ನನ್ನ ಕಡೆ ತಿರುಗಿದ. "ಮೇಡಂ, ಇದು ನೀವಾ?"

"ಅಲ್ಲ," ಎಂದೆ. "ನಮ್ಮತ್ತೆ."

ಗಂಡನ ಕಡೆ ನೋಡಿದೆ. ಬೈಯಬೇಕೆಂದು ಕೂಡಿಟ್ಟುಕೊಂಡದ್ದನ್ನೆಲ್ಲ ಬಿಟ್ಟುಬಿಟ್ಟೆ. ಇಪ್ಪತ್ತಾರು ವರ್ಷ ಎದೆಯಲ್ಲಿಟ್ಟುಕೊಂಡು ಸಾಕಿದ ಸಿಳ್ಳೆ ಅದು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. "ಮೊದಲಿನ ಹಾಗೇ ಇದ್ದಿದ್ರೆ ಚೆನ್ನಾಗಿತ್ತು," ಎಂದರು ಮೌನಿಗೆ. ರೀಮಾಸ್ಟರಿನ ಬಗ್ಗೆ ಅವರ ಕೊನೆಯ ದೂರು ಅದು.

ಸಾವಿರ ಪ್ರತಿಗಳನ್ನು ವಾಪಸ್ಸು ತರಿಸುವುದೆಂದಾಯಿತು. ಮೊದಲನೇ ಕ್ಷಮಾಪಣೆ ಡ್ರಮ್ಮರಿಗೆ, ಆಮೇಲೆ ನಾನೂರ ಹನ್ನೆರಡು ಜನಕ್ಕೆ, ಎಲ್ಲವನ್ನೂ ನಾನೇ ಬರೆಯುವುದು. ಹೊಗಳಿದ್ದ ಮೂವತ್ತು ಜನಕ್ಕೆ ಏನು ಬರೆಯುವುದು ಎಂದು ಕೇಳಿದೆ. "ಅವರನ್ನ ಎಬ್ಬಿಸಬೇಡಿ," ಎಂದರು ಮ್ಯಾನೇಜರ್. ಕುರ್ಚಿಯ ವಿಷಯ ಕೇಳಿದಾಗ, "ಅದರಲ್ಲಿ ಬೇರೆ ಯಾರು ಕೂತ್ಕೋತಾರೆ?" ಎಂದು ನಿಟ್ಟುಸಿರು ಬಿಟ್ಟರು. ಅದನ್ನು ನಾನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ದಾರಿಯಲ್ಲಿ ಗಂಡ ಐವರು ಸ್ನೇಹಿತರಿಗೂ ಫೋನು ಮಾಡಿದರು. ನಾಲ್ವರು ನಂಬಲಿಲ್ಲ. ಪ್ರೊಫೆಸರ್ ಮಾತ್ರ, ತಾವು ಹತ್ತು ವರ್ಷದಿಂದ ಕೊನೆಯ ತರಗತಿಯ ಕೊನೆಗೆ ವಿದ್ಯಾರ್ಥಿಗಳಿಗೆ ಆ ನುಡಿಯನ್ನೇ ಹೇಳಿ ಬೀಳ್ಕೊಡುತ್ತಿರುವುದಾಗಿ ತಿಳಿಸಿದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. "ಮಾರ್ಕೆಟ್ಟಿಗೆ ಹೋದೋಳು, ಸ್ಟಾಕ್ ನೋಡೋಕೆ ಹೋದೋನು, ಇಬ್ಬರೂ ಜೊತೇಲಿ ಬರಿಗೈಲಿ ಬರ್ತಾ ಇದ್ದೀರಿ. ಏನು ವಿಷಯ?"

ಮುಚ್ಚಿಡುವ ಶಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ. ಮೌನಿ ಫೋನಿಗೆ ಕಳಿಸಿದ್ದ ತುಣುಕನ್ನು ಹಾಕಿ ಅವರ ಕಿವಿಗೆ ಹೆಡ್‌ಫೋನು ಇಟ್ಟೆವು. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಂದು ಸಲ ಹಾಕಿಸಿಕೊಂಡರು.

"ನಂದೇ ದನಿ. ನೆನಪಿದೆ. ಹಿತ್ತಿಲಲ್ಲಿ ಬಟ್ಟೆ ಒಗೀತಾ ಇದ್ದೆ. ಒಲೆ ಆರ್ಸಿ ಅಂತ ಮೂರು ಸಲ ಕೂಗಿದೆ. ಒಂದು ನರಪಿಳ್ಳೆನೂ ಬರಲಿಲ್ಲ. ಒದ್ದೆ ಕೈಲಿ ನಾನೇ ಬಂದೆ." ಆಮೇಲೆ ಮಗನ ಕಡೆ ನೋಡಿದರು. "ಇದನ್ನೇನೋ ನೀನು ಇಷ್ಟು ವರ್ಷ ಕೇಳ್ತಾ ಇದ್ದಿದ್ದು?"

"ಹೂಂ ಅಮ್ಮ."

"ಸಾವಿರ ರೆಕಾರ್ಡ್ ಮಾಡ್ಸಿದ್ರಂತಲ್ಲ, ಅದರಲ್ಲೂ ನನ್ನ ಮಾತು ಬರುತ್ತಾ?"

"ಇಲ್ಲ ಅತ್ತೆ," ಎಂದೆ ನಾನು. "ಅದರಲ್ಲಿ ಸಿಳ್ಳೆ ಮಾತ್ರ."

ಅತ್ತೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. "ಅಂದ್ರೆ ಅವತ್ತೂ ನಿಮಗೆ ಕೇಳಿಸಿದ್ದು ಕೆಟಲ್ ಕೂಗಿದ್ದು. ಇವತ್ತೂ ಅಷ್ಟೇ." ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. "ದೂರು ಬರ್ಕೊಳ್ಳೋಳು ನೀನೇ ತಾನೇ? ಪೆನ್ನು ತಗೋ. ನಾನು ಹೇಳ್ತೀನಿ, ಬರ್ಕೋ."

ಬರೆದುಕೊಂಡೆ. ಮೂರು ಪುಟವಾಯಿತು. ಮೊದಲ ಅರ್ಧ ಪುಟ ಮಾತ್ರ ಮಗನ ಮೇಲೆ. ಉಳಿದದ್ದೆಲ್ಲ ನನ್ನ ಮೇಲೆ.